ಆರನೆಯ ಗುಂಡು

ಚಾಮರಾಜಪೇಟೆಯ ಮರಿಯಣ್ಣನ ಮನೆಯಲ್ಲಿ ಗುಂಡು ಹಾರಿದ್ದು ೨೦೦೪ರ ಫೆಬ್ರವರಿಯ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದು ತಟ್ಟೆ ಎತ್ತುವ ಹೊತ್ತಿನಲ್ಲಿ.

ಅವತ್ತು ಊಟಕ್ಕೆ ಬಂದಿದ್ದವರು ಶಂಭುಲಿಂಗಪ್ಪ. ಕೆಂಗೇರಿ ಕಡೆ ಅವರಿಗೆ ಎರಡು ಎಕರೆ ಇತ್ತು. ಲೇಔಟು ಮಾಡಿ ಸೈಟು ಮಾರುವ ಮರಿಯಣ್ಣನಿಗೆ ಆ ಎರಡು ಎಕರೆಯ ಮೇಲೆ ಕಣ್ಣಿತ್ತು. ಅವರು ಬಾಡು, ಮಾಂಸ ಮುಟ್ಟುವವರಲ್ಲವೆಂದು ಮರಿಯಣ್ಣನ ಹೆಂಡತಿ ಮುನಿಯಮ್ಮ ಬೆಳಿಗ್ಗೆಯಿಂದ ಕೂತು ಅವರೆಕಾಳು ಹಿಸುಕಿ, ಹಿತಕಿದ ಬೇಳೆ ಸಾರು, ಮುದ್ದೆ, ಮೇಲೊಂದು ಶಾವಿಗೆ ಪಾಯಸ ಮಾಡಿದ್ದಳು. ಮಗ ಸ್ವರೂಪ್, ಸೊಸೆ ಪ್ರತಿಭಾ, ಆರು ವರ್ಷದ ಮೊಮ್ಮಗಳು ಧೃತಿ ಮೂವರೂ ಶೇಷಾದ್ರಿಪುರದಲ್ಲಿ ಪ್ರತಿಭಾಳ ತವರಿನ ನಾಮಕರಣಕ್ಕೆ ಹೋಗಿದ್ದರು. ಮನೆಗೆಲಸದ ಅಂಜಮ್ಮ ಅಡುಗೆಮನೆಯಲ್ಲಿ ಬಾಗಿಲ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು.

ಊಟವಾದ ಮೇಲೆ ಮಾತು ಎಲ್ಲೆಲ್ಲೋ ಹೋಗಿ, ಜಮೀನಿನ ವ್ಯವಹಾರದಲ್ಲಿ ಎಂಥೆಂಥ ಜನ ಎದುರಾಗುತ್ತಾರೆ ಎಂಬಲ್ಲಿಗೆ ಬಂತು. ಮರಿಯಣ್ಣ ಕೈ ಒರೆಸಿಕೊಂಡು ರೂಮಿಗೆ ಹೋದ. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿದ ಕೂಡಲೇ ಏನು ಬರುತ್ತದೆಂದು ಮುನಿಯಮ್ಮನಿಗೆ ಗೊತ್ತಾಯಿತು. ಎಂಟು ವರ್ಷದಿಂದ ಮನೆಗೆ ಬಂದ ದೊಡ್ಡ ಮನುಷ್ಯರಿಗೆಲ್ಲ ಅವನು ಆ ರಿವಾಲ್ವರನ್ನು ತೋರಿಸುತ್ತಲೇ ಬಂದಿದ್ದ.

ಸಾರಿನ ಪಾತ್ರೆಯ ಪಕ್ಕದಲ್ಲೇ ಅದನ್ನು ಇಟ್ಟ. ಶಂಭುಲಿಂಗಪ್ಪ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು.

"ಲೋಡ್ ಆಗಿಲ್ಲ ತಾನೆ ಗೌಡ್ರೇ?"

"ಈಗ ಖಾಲಿ ಮಾಡ್ತೀನಿ ನೋಡಿ," ಎಂದು ಮರಿಯಣ್ಣ ಅದರ ಹೊಟ್ಟೆ ತೆರೆದು ಮೇಜಿನ ಮೇಲೆ ಕೊಡವಿದ. ಗುಂಡುಗಳು ಟಣಟಣನೆ ತಟ್ಟೆಗಳ ಮಧ್ಯೆ ಉರುಳಿದವು. "ಮುಗೀತಲ್ಲ. ಈಗ ಇದು ಬರೀ ಕಬ್ಬಿಣ. ನಮ್ಮ ಮಗು ಬೇಕಾದ್ರೂ ಹಿಡ್ಕೋಬಹುದು."

ಬಿದ್ದದ್ದು ಐದು. ಒಳಗೆ ಗುಂಡು ಕೂರುವ ಆರು ಮನೆ. ಹಳೆಯ ಎಣ್ಣೆಯ ಜಿಡ್ಡೋ ಏನೋ, ಒಂದು ಒಳಗೇ ಕಚ್ಚಿಕೊಂಡಿತ್ತು. ಎಣಿಸಿದ್ದರೆ ಗೊತ್ತಾಗುತ್ತಿತ್ತು. ಮರಿಯಣ್ಣ ಎಣಿಸಲಿಲ್ಲ. ಹೊಟ್ಟೆ ಮುಚ್ಚಿ, ಅಡುಗೆಮನೆಯ ಬಾಗಿಲ ಕಡೆ ಗುರಿ ಹಿಡಿದು, "ಹಿಂಗೆ ಹಿಡಿದು, ಹಿಂಗೆ ಎಳೆದ್ರೆ ಆಯ್ತು," ಎಂದು ಟ್ರಿಗರಿನ ಕುದುರೆ ಎಳೆದ. ಟಿಕ್ ಎಂದಿತು. ಮತ್ತೆ ಎಳೆದ.

ಸದ್ದಿಗೆ ಮುನಿಯಮ್ಮನ ಕಿವಿ ಮುಚ್ಚಿಹೋಯಿತು. ಕೈಯಲ್ಲಿದ್ದ ಪಾಯಸದ ಪಾತ್ರೆ ಕೆಳಗೆ ಬಿತ್ತು. ಒಂದು ಗಳಿಗೆಯ ಮೇಲೆ ಅಡುಗೆಮನೆಯಿಂದ ಅಂಜಮ್ಮನ ದನಿ ಬಂತು. ಕೂಗಲ್ಲ, ನರಳಾಟವೂ ಅಲ್ಲ. "ಅಮ್ಮಾ, ಇಲ್ ಬನ್ನಿ," ಎಂದಳು ಅಷ್ಟೇ, ಗ್ಯಾಸು ಮುಗಿದಾಗ ಕರೆಯುವ ಹಾಗೆ.

ಗುಂಡು ಬಾಗಿಲನ್ನು ತೂರಿ ನಲ್ಲಿಯ ಮೇಲಿನ ಗೋಡೆಯಲ್ಲಿ ಹೂತುಕೊಂಡಿತ್ತು. ಒಡೆದ ಬಾಗಿಲಿನ ಸಿಬಿರೊಂದು ಅಂಜಮ್ಮನ ಎಡತೋಳಿಗೆ ಹೊಡೆದು ಒಳಗೆ ಹೋಗಿತ್ತು. ತೊಳೆದ ತಟ್ಟೆಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅವಳ ತಲೆಗೂ ಗೋಡೆಯ ಆ ತೂತಿಗೂ ಒಂದು ಗೇಣು ಅಂತರ.

ಶಂಭುಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು, "ನಾನೇನೂ ನೋಡಿಲ್ಲಪ್ಪ," ಎಂದು ಹೊರಟೇ ಹೋದರು. ಮರಿಯಣ್ಣನ ಮುಖ ಸುಣ್ಣದ ಹಾಗಾಗಿತ್ತು. ಆದರೂ ಅವನ ಬಾಯಿಂದ ಮೊದಲು ಬಂದ ಮಾತು, "ಡಾಕ್ಟ್ರ ಹತ್ರ ಬಾಗ್ಲು ರಿಪೇರಿ ಮಾಡ್ತಿದ್ವಿ ಅಂತ ಹೇಳು. ಗುಂಡು ಅಂದ್ರೆ ಪೊಲೀಸ್ ಕೇಸಾಗುತ್ತೆ."

ಮುನಿಯಮ್ಮ ಹಾಗೆಯೇ ಹೇಳಿದಳು. ಮುಂದಿನ ರಸ್ತೆಯಲ್ಲಿ ಕ್ಲಿನಿಕ್ಕಿನ ಮೇಲೆಯೇ ವಾಸವಿದ್ದ ಡಾಕ್ಟರ್ ಶ್ರೀನಿವಾಸಯ್ಯನವರು ಎರಡಂಗುಲದ ಸಿಬಿರನ್ನು ಇಕ್ಕಳದಲ್ಲಿ ಹಿಡಿದೆತ್ತಿ ಬೆಳಕಿಗೆ ಹಿಡಿದರು.

"ಇದು ಚುಚ್ಚಿದ್ದಲ್ಲಮ್ಮ. ಹೊಡೆದು ಒಳಗೆ ಹೋಗಿದೆ."

"ಬಾಗ್ಲು ಕೀಲು ಬಿಟ್ಟಿತ್ತು ಡಾಕ್ಟ್ರೇ. ಬಡಗಿ ಉಳಿ ಹೊಡೀತಿದ್ದ. ಇವಳು ಅಡ್ಡ ಬಂದ್ಲು."

ಒಂದೇ ಉಸಿರಿಗೆ ಹೇಳಿದಳು. ಅಂಜಮ್ಮ ತೋಳಿನ ಹೊಲಿಗೆಯನ್ನೇ ನೋಡುತ್ತ ಕೂತಿದ್ದಳು.

ಸಂಜೆ ಪಕ್ಕದ ಮನೆಯ ಭಾಗೀರಥಮ್ಮನವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಸದ್ದೇನೆಂದು ಕೇಳಿದರು. ಕುಕ್ಕರು ಸಿಡೀತು ಎಂದಳು ಮುನಿಯಮ್ಮ. ಪಾಪ, ಆಕೆ ಒಳಗೆ ಹೋಗಿ ಒಂದು ಹೊಸ ಗ್ಯಾಸ್ಕೆಟ್ಟು ತಂದುಕೊಟ್ಟು, ವಾಲ್ವನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಬೇಕೆಂದು ಹೇಳಿಹೋದರು.

ಪ್ರತಿಭಾ ಮನೆಗೆ ಬಂದವಳು ಬಾಗಿಲ ತೂತಿಗೆ ಬೆರಳು ಹಾಕಿ ನೋಡಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಏರುದನಿಯಲ್ಲಿ ಮಾತಾಡುವವಳಲ್ಲ. ನಾಮಕರಣದ ಸೀರೆ ಕೂಡ ಬಿಚ್ಚದೆ ಊಟದ ಮೇಜಿನ ಮುಂದೆ ನಿಂತಳು.

"ಮಾವ, ಅದು ಈಗ ಎಲ್ಲಿದೆ?"

"ಎಲ್ಲಿರಬೇಕೋ ಅಲ್ಲಿದೆ. ಬೀರುವಲ್ಲಿ."

"ಗುಂಡು?"

"ಅದರೊಳಗೇ ಇದೆ. ಗುಂಡಿಲ್ಲದ ರಿವಾಲ್ವರ್ ಇಟ್ಕೊಂಡು ಪೂಜೆ ಮಾಡ್ಲಾ?"

"ಬೀರು ಕೀ?"

"ನಮ್ಮ ಕೈಲೇ ಇರುತ್ತಮ್ಮ. ಇದೇನು ವಿಚಾರಣೆ?"

ಪ್ರತಿಭಾ ಮಗಳ ಕಡೆ ತಿರುಗಿದಳು. ಧೃತಿ ನಾಮಕರಣದ ಮನೆಯಿಂದ ತಂದ ಬಲೂನನ್ನು ಕಾಲಿಗೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದಳು.

"ಪುಟ್ಟಿ, ತಾತನ ಗನ್ ಎಲ್ಲಿರುತ್ತೆ ಗೊತ್ತಾ?"

"ಬೀರು ಒಳಗೆ. ಅಜ್ಜಿ ಕೆಂಪು ಶಾಲ್ ಕೆಳಗೆ," ಎಂದಿತು ಮಗು ತಲೆಯೆತ್ತದೆ. "ಕೀ ಕ್ಯಾಲೆಂಡರ್ ಹಿಂದೆ ಮೊಳೆಗೆ ನೇತಾಕಿರುತ್ತೆ. ನಂಗೆ ಕೈ ಎಟುಕಲ್ಲ. ಸ್ಟೂಲ್ ಬೇಕು."

ಸ್ವರೂಪ್ ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ.

"ಯಾರು ಹೇಳಿದ್ದು ನಿಂಗೆ?" ಎಂದ ಮರಿಯಣ್ಣ.

"ನೀನೇ ತೋರಿಸ್ದೆಯಲ್ಲ ತಾತ. ನನ್ ಬರ್ತ್‌ಡೇ ದಿನ."

ಪ್ರತಿಭಾ ಕೇಳಿದ್ದು ಹೆಚ್ಚೇನೂ ಅಲ್ಲ. ಗೋಡೆಗೆ ಬೋಲ್ಟು ಹಾಕಿ ಕೂರಿಸುವ ಒಂದು ಕಬ್ಬಿಣದ ಪೆಟ್ಟಿಗೆ ಬೇಕು. ರಿವಾಲ್ವರು ಖಾಲಿ ಮಾಡಿ ಅದರಲ್ಲಿ, ಗುಂಡು ಬೇರೆ ಕಡೆ, ಬೇರೆ ಬೀಗದಲ್ಲಿ. ಕೀ ಮೊಳೆಯ ಮೇಲಲ್ಲ, ಮಾವನ ಜೇಬಿನಲ್ಲಿ. "ನಮ್ಮ ಬ್ಯಾಂಕಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀ ಮಾವ. ಎರಡೂ ಒಬ್ಬರ ಹತ್ರ ಕೊಡಲ್ಲ. ದುಡ್ಡಿಗೇ ಅಷ್ಟು ಮಾಡ್ತಾರೆ."

"ಕಳ್ಳ ಬಂದ್ರೆ ಏನ್ಮಾಡ್ಲಿ? ಸ್ವಲ್ಪ ಕೂತ್ಕೊಳ್ಳಪ್ಪ, ಒಂದು ಪೆಟ್ಟಿಗೆ ತೆಗೆದು, ಇನ್ನೊಂದು ಪೆಟ್ಟಿಗೆ ತೆಗೆದು ಬರ್ತೀನಿ ಅನ್ಲಾ?" ಮರಿಯಣ್ಣ ಮೇಜು ಗುದ್ದಿದ. "ಮನೆ ನಂದು. ಲೈಸೆನ್ಸು ನಂದು. ಬ್ಯಾಂಕು ಬ್ಯಾಂಕಲ್ಲಿಟ್ಕೋ."

"ಹಾಗಾದ್ರೆ ಮಗಳು ನನ್ನವಳು," ಎಂದಳು ಪ್ರತಿಭಾ.

ಮರುದಿನ ಬೆಳಿಗ್ಗೆ ಆಟೋ ಕರೆಸಿ, ಮಗುವಿನ ಬಟ್ಟೆ, ಸ್ಕೂಲ್ ಬ್ಯಾಗು, ಎರಡು ಸೂಟ್‌ಕೇಸು ಹಾಕಿಕೊಂಡು ಶೇಷಾದ್ರಿಪುರಕ್ಕೆ ಹೊರಟುಹೋದಳು. ಸ್ವರೂಪ್ ಗೇಟಿನವರೆಗೆ ಹೋಗಿ ಏನೋ ಹೇಳಿದ. ಅವಳು ಅದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದ್ದು ಮುನಿಯಮ್ಮನಿಗೆ ಕಿಟಕಿಯಿಂದ ಕಾಣಿಸಿತು.

ಆ ದಿನ ಮುನಿಯಮ್ಮನಿಗೆ ಸಿಟ್ಟು ಬಂದಿದ್ದು ಸೊಸೆಯ ಮೇಲೆ. ಮನೆ ಅಂದ ಮೇಲೆ ಏನೋ ಒಂದು ಆಗುತ್ತದೆ, ಅದಕ್ಕೆಲ್ಲ ಮಗುವನ್ನು ಎತ್ತಿಕೊಂಡು ಹೋಗುವುದೇ? ಹಾಗೆಂದು ಮಗನ ಮುಂದೆ ಹೇಳಿದಳು. ಸೊಪ್ಪು ಮಾರುವವಳ ಮುಂದೆಯೂ ಅರ್ಧ ಹೇಳಿ ನಾಲಗೆ ಕಚ್ಚಿಕೊಂಡಳು. ಸ್ವರೂಪ್ ಬಾಗಿಲ ತೂತಿಗೆ ಮರದ ಪುಟ್ಟಿ ತುಂಬಿ ಬಣ್ಣ ಬಳಿದ. ಗೋಡೆಯ ತೂತಿನ ಮೇಲೆ ಸೌಟು ನೇತುಹಾಕುವ ಸ್ಟ್ಯಾಂಡು ಬಂತು. ಮೂರು ಜನಕ್ಕೆ ಅಡುಗೆ ಮುನಿಯಮ್ಮ ಒಬ್ಬಳದೇ. ಪಾತ್ರೆ, ಕಸ, ಬಟ್ಟೆ ಎಲ್ಲ ಅವಳ ಮೈಮೇಲೇ ಬಿತ್ತು. ಐವತ್ತೊಂಬತ್ತು ವರ್ಷದ ಸೊಂಟ ನಾಲ್ಕನೇ ದಿನಕ್ಕೆ ಕೈಕೊಟ್ಟಿತು. ಐದನೇ ದಿನ ಅವಳು ಕ್ಯಾರಿಯರಿನಲ್ಲಿ ಮುದ್ದೆ, ಸೊಪ್ಪಿನ ಸಾರು, ಮೊಸರನ್ನ ಕಟ್ಟಿಕೊಂಡು ಅಂಜಮ್ಮನ ಮನೆ ಹುಡುಕಿಕೊಂಡು ಹೋದಳು.

ಅಂಜಮ್ಮ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಆ ವಠಾರಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮನೆ ಯಾವುದೆಂದು ಮೂರು ಕಡೆ ಕೇಳಬೇಕಾಯಿತು.

ಅಂಜಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ತೋಳು ಊದಿ ರವಿಕೆಯ ತೋಳನ್ನು ಕತ್ತರಿಸಿದ್ದರು.

"ಹೆಂಗಿದೀಯಾ ಅಂಜಮ್ಮ?"

"ಇದೀನಿ. ಇನ್ನೆರಡು ಮನೆಯೋರು ಬೇರೆಯೋರ್ನ ಇಟ್ಕೊಂಡ್ರು. ಒಂದು ಕೈಯಲ್ಲಿ ಯಾರ್ ಬಟ್ಟೆ ಒಗೀಲಿ?"

"ವಾಸಿ ಆಗ್ಲಿ, ನಮ್ಮನೆಗೆ ಬಾ. ನಿಂಗೋಸ್ಕರ ಯಾರ್ನೂ ಇಟ್ಕೊಂಡಿಲ್ಲ."

ಅಂಜಮ್ಮ ಕ್ಯಾರಿಯರನ್ನು ನೋಡಿದಳು. ಮುಟ್ಟಲಿಲ್ಲ.

"ಗುಂಡು ಅಂತ ನಾನು ಯಾರಿಗೂ ಹೇಳಿಲ್ಲ ಅಮ್ಮಾ. ನನ್ ಮಗಳಿಗೂ ಹೇಳಿಲ್ಲ. ಯಜಮಾನ್ರು ಬೇಕಂತ ಹೊಡೀಲಿಲ್ಲ, ಅದು ನಂಗೊತ್ತು. ಆದ್ರೆ ಉಳಿ ಅಂತ, ಬಡಗಿ ಅಂತ, ನಾನೇ ಅಡ್ಡ ಬಂದೆ ಅಂತ ಹೇಳಿದ್ದು ಅವರಲ್ಲ. ನೀವು. ನನ್ ರಕ್ತ ನಿಮ್ ಸೀರೇಲಿತ್ತು. ನೀವು ನನ್ ಮುಖ ಕೂಡ ನೋಡ್ಲಿಲ್ಲ."

"ಅವರು ಹೇಳಿಕೊಟ್ಟಿದ್ರು ಕಣೇ."

"ಅಡ್ಡ ಬಂದ್ಲು ಅಂತಾನೂ ಹೇಳಿಕೊಟ್ಟಿದ್ರಾ?"

ಇರಲಿಲ್ಲ. ಅದು ಅವಳದೇ ಮಾತು.

"ಕ್ಯಾರಿಯರ್ ತಗೊಂಡು ಹೋಗಿ ಅಮ್ಮಾ," ಎಂದಳು ಅಂಜಮ್ಮ.

ಮುನಿಯಮ್ಮ ಮನೆಗೆ ಬಂದಾಗ ಮರಿಯಣ್ಣ ಊಟಕ್ಕೆ ಕಾಯುತ್ತಿದ್ದ. ತುಂಬಿದ ಕ್ಯಾರಿಯರನ್ನೇ ಅವನ ಮುಂದೆ ಕುಕ್ಕಿದಳು.

"ಎಲ್ಲಿಗ್ ಹೋಗಿದ್ದೆ?"

"ನೀವು ಹೋಗಬೇಕಾಗಿದ್ದ ಕಡೆಗೆ."

"ಏನಂತೆ ಅವಳದು? ಕಂಪ್ಲೇಂಟ್ ಕೊಡ್ತಾಳಂತಾ?"

"ಅವಳ ತೋಳು ಹೆಂಗಿದೆ ಅಂತ ಕೇಳೋಕೆ ನಿಮಗೆ ಬಾಯಿಲ್ಲ. ಒಂದು ಗೇಣು ಈಚೆ ಬಂದಿದ್ರೆ ನಾವು ಹೆಣ ಹೊರಬೇಕಿತ್ತು. ಮುಂದಿನ ಸಲ ಯಾರದು? ಧೃತಿದಾ? ನಂದಾ?"

"ಮುಂದಿನ ಸಲ ಇಲ್ಲ. ನಾನೇನು ಮಗೂನಾ?"

"ಪೆಟ್ಟಿಗೆ ತನ್ನಿ. ಪ್ರತಿಭಾ ಹೇಳಿದ ಹಾಗೆ ಬೀಗ ಹಾಕಿ."

"ಸೊಸೆ ಹೋದ್ಲು, ಈಗ ನೀನು ಶುರು ಮಾಡ್ದೆ. ಶತ್ರುಗಳಿದಾರೆ ಕಣೇ ನಂಗೆ."

"ಯಾರು ಶತ್ರು? ಜಮೀನಿನ ಕೇಸು ಹಾಕಿದ್ದ ಆ ಉತ್ತರಹಳ್ಳಿಯವನಾ? ಕೋರ್ಟಲ್ಲಿ ರಾಜಿಯಾಗಿ ಏಳು ವರ್ಷದ ಮೇಲಾಯ್ತು. ಸ್ವರೂಪನ ಮದುವೇಲಿ ಪಂಕ್ತೀಲಿ ಕೂತು ಎರಡು ಸಲ ಒಬ್ಬಟ್ಟು ಹಾಕಿಸ್ಕೊಂಡ. ನಾನೇ ಬಡಿಸಿದ್ದು."

ಮರಿಯಣ್ಣ ಎದ್ದು ಹೋಗಿ ಬೀರುವಿನಿಂದ ರಿವಾಲ್ವರು ತೆಗೆದು, ಅವಳು ನೋಡುತ್ತಿದ್ದ ಹಾಗೆಯೇ ತಲೆದಿಂಬಿನ ಕೆಳಗೆ ತುರುಕಿದ. "ಕೀ ರಗಳೆ ಇಲ್ಲ ಈಗ. ಸಮಾಧಾನ ಆಯ್ತಾ?"

ಅವತ್ತಿನಿಂದ ಮುನಿಯಮ್ಮ ಹಾಲಿನಲ್ಲಿ ಚಾಪೆ ಹಾಸಿಕೊಂಡಳು. ಆ ರೂಮಿನ ಹಾಸಿಗೆಯನ್ನು ಬೆಳಿಗ್ಗೆ ಯಾರೂ ಮಡಿಸಲಿಲ್ಲ. ಅವಳು ಅಲ್ಲಿಗೆ ಪೊರಕೆಯನ್ನೂ ಒಯ್ಯಲಿಲ್ಲ. ಸ್ವರೂಪ್ ಮೂರು ಸಲ "ಅಪ್ಪ, ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ" ಎಂದು ಶುರು ಮಾಡಿ ಮೂರು ಸಲವೂ ಅಪ್ಪನ ಕಣ್ಣು ನೋಡಿ ನಿಲ್ಲಿಸಿದ. ಸಂಜೆ ತನ್ನ ಅಂಗಡಿ ಮುಚ್ಚಿ ನೇರ ಶೇಷಾದ್ರಿಪುರಕ್ಕೆ ಹೋಗಿ ಅಲ್ಲೇ ಉಂಡು ಬರುವುದನ್ನು ರೂಢಿ ಮಾಡಿಕೊಂಡ.

ಮಾರ್ಚಿನಲ್ಲಿ ಚುನಾವಣೆಯ ಗಲಾಟೆ ಶುರುವಾಯಿತು. ಒಂದು ಬೆಳಿಗ್ಗೆ ಠಾಣೆಯಿಂದ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಬಂದರು. ಮೀಸೆಗೆ ಕಪ್ಪು ಹಚ್ಚಿದ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಚುನಾವಣೆ ಮುಗಿಯುವ ತನಕ ಲೈಸೆನ್ಸು ಇದ್ದವರೆಲ್ಲ ತಮ್ಮ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ತಂದಿದ್ದರು.

"ನನಗೆ ವಿನಾಯಿತಿ ಬೇಕು," ಎಂದ ಮರಿಯಣ್ಣ. "ಜೀವಬೆದರಿಕೆ ಇದೆ."

"ಹಾಗಂತ ಅರ್ಜಿ ಕೊಡಿ ಸಾರ್, ಸಾಹೇಬ್ರು ನೋಡ್ತಾರೆ. ಮನೇಲಿ ಎಲ್ಲಿ ಇಟ್ಟಿರ್ತೀರಿ? ಬರ್ಕೋಬೇಕು."

"ಬೀರುವಲ್ಲಿ ಬೀಗ ಹಾಕಿ. ಗುಂಡು ಬೇರೆ, ರಿವಾಲ್ವರ್ ಬೇರೆ. ಕೀ ನನ್ನ ಹತ್ರ."

ಮುನಿಯಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡ ಹೇಳುತ್ತಿದ್ದುದು ಸೊಸೆ ಕೇಳಿದ್ದ ಅದೇ ಮಾತು, ಒಂದಕ್ಷರ ಬಿಡದೆ. ಹಾಗಾದರೆ ಅವನಿಗೆ ಎಲ್ಲ ಗೊತ್ತಿತ್ತು. ಹೇಗೆ ಇಡಬೇಕೆಂದು ಮೊದಲಿನಿಂದಲೂ ಗೊತ್ತಿತ್ತು.

"ಸುಳ್ಳು," ಎಂದಳು.

ಹೆಡ್ ಕಾನ್ಸ್‌ಟೇಬಲ್ ಪೆನ್ನು ಎತ್ತಿದರು.

"ತಲೆದಿಂಬಿನ ಕೆಳಗಿದೆ. ಗುಂಡು ಒಳಗೇ ಇದೆ. ಮೊಮ್ಮಗು ಇರೋ ಮನೇಲಿ. ಜೀವಬೆದರಿಕೆ ಅನ್ನೋದೂ ಸುಳ್ಳು."

"ಒಳಗೆ ಹೋಗೇ," ಎಂದ ಮರಿಯಣ್ಣ ಹಲ್ಲು ಕಚ್ಚಿ.

"ಹೋಗ್ತೀನಿ. ನೀವೂ ಬನ್ನಿ ಸಾರ್, ಅಡುಗೆಮನೆ ನೋಡಿ."

ಸೌಟಿನ ಸ್ಟ್ಯಾಂಡನ್ನು ಕಿತ್ತು ಕೆಳಗಿಟ್ಟಳು. ಗೋಡೆಯಲ್ಲಿ ಸೀಸದ ತುಂಡು ಇನ್ನೂ ಹಾಗೇ ಇತ್ತು. ಬಾಗಿಲಿನ ಪುಟ್ಟಿ ಎಲ್ಲಿದೆಯೆಂದು ತೋರಿಸಿದಳು. ಅಂಜಮ್ಮ ಎಲ್ಲಿ ಕೂತಿದ್ದಳೆಂದು ನೆಲದ ಮೇಲೆ ತಾನೇ ಕುಕ್ಕರುಗಾಲಲ್ಲಿ ಕೂತು ತೋರಿಸಿದಳು. "ಡಾಕ್ಟ್ರಿಗೆ ಬಡಗಿ ಉಳಿ ಹೊಡೀತಿದ್ದ ಅಂತ ಹೇಳಿದ್ದು ನಾನು. ಅದನ್ನೂ ಬರ್ಕೊಳ್ಳಿ."

ಹೆಡ್ ಕಾನ್ಸ್‌ಟೇಬಲ್ ಅದನ್ನೆಲ್ಲ ಬರೆದುಕೊಂಡರು. ಆಮೇಲೆ ಹೊರಗೆ ಬಂದು, "ತನ್ನಿ ಸಾರ್," ಎಂದರು. ಮರಿಯಣ್ಣ ರೂಮಿನಿಂದ ತಂದು ನೇರ ಅವರ ಕೈಗೆ ಕೊಡಲು ಚಾಚಿದ.

"ಕೈಗೆ ಬೇಡ. ಮೇಜಿನ ಮೇಲಿಡಿ. ಬಾಯಿ ಗೋಡೆ ಕಡೆಗೆ."

ಅವರು ಅದನ್ನು ಎತ್ತಿಕೊಂಡ ರೀತಿಯನ್ನು ಮುನಿಯಮ್ಮ ನೋಡುತ್ತ ನಿಂತಳು. ಬೆರಳು ಕುದುರೆಯ ಹತ್ತಿರವೂ ಸುಳಿಯಲಿಲ್ಲ. ಬಾಯಿ ಯಾರ ಕಡೆಗೂ ತಿರುಗಲಿಲ್ಲ. ಹೊಟ್ಟೆ ತೆರೆದು ಕೊಡವಿದರು. ಐದು ಬಿದ್ದವು. ಗುಂಡು ಹೊರತಳ್ಳುವ ಕಡ್ಡಿಯನ್ನು ಗಟ್ಟಿಯಾಗಿ ಒತ್ತಿದರು. ಆರನೆಯದು ಬಿತ್ತು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಆರೂ ಮನೆಗಳಲ್ಲಿ ಒಂದೊಂದರಲ್ಲಿ ಕಿರುಬೆರಳು ತೂರಿಸಿ ಗಟ್ಟಿಯಾಗಿ ಎಣಿಸಿದರು.

"ಖಾಲಿ ಇದೆ ಅಂತ ಯಾರು ಹೇಳಿದ್ರೂ ನಂಬಬಾರ್ದು ಸಾರ್. ನಾನು ಕೊಟ್ರೂ ನೀವು ತೆಗೆದು ನೋಡ್ಬೇಕು. ನೀವು ಕೊಟ್ರೂ ನಾನು ನೋಡ್ಬೇಕು. ಮೂವತ್ತೆರಡು ವರ್ಷ ಸರ್ವಿಸಲ್ಲಿ ನಾನು ಒಂದು ದಿನ ಬಿಟ್ಟಿಲ್ಲ. ಮೊಮ್ಮಗು ಇರೋ ಮನೆ ಅಂತೀರಿ."

ಎಂಟು ವರ್ಷದಲ್ಲಿ ಆ ಮನೆಯಲ್ಲಿ ಅದನ್ನು ಹಾಗೆ ಹಿಡಿದವರನ್ನು ಮುನಿಯಮ್ಮ ನೋಡಿರಲಿಲ್ಲ.

ಅವರು ರಸೀತಿ ಬರೆದುಕೊಟ್ಟು, ರಿವಾಲ್ವರನ್ನೂ ಗುಂಡುಗಳನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಂಡು ಹೋದರು. ಮಧ್ಯಾಹ್ನ ಅಂಜಮ್ಮನ ವಠಾರಕ್ಕೂ ಹೋಗಿ ಹೇಳಿಕೆ ಬರೆಸಿಕೊಂಡರಂತೆ.

ಗೇಟು ಮುಚ್ಚಿದ ಮೇಲೆ ಮರಿಯಣ್ಣ ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಮುನಿಯಮ್ಮ ಹಿಂದೆ ಸರಿಯಲಿಲ್ಲ.

"ಹೊಡೀರಿ. ಪೊಲೀಸ್ನೋರು ಇನ್ನೂ ರಸ್ತೆ ತುದೀಲಿದಾರೆ."

ಅವನು ಕೈ ಇಳಿಸಿ, "ನಿನ್ ಕೈ ಅಡುಗೆ ಇನ್ ಮುಟ್ಟಲ್ಲ ನಾನು," ಎಂದು ಹೊರಗೆ ಹೋದ.

ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನ ಗಾಂಧಿ ಬಜಾರಿನ ಹೋಟೆಲು, ಸಂಜೆ ಯಾವುದೋ ಮೆಸ್ಸು. ಅವಳು ಒಂದು ವಾರ ಅವನ ಪಾಲಿನ ಮುದ್ದೆ ಕಟ್ಟಿ, ಅದು ಗಟ್ಟಿಯಾಗುವುದನ್ನು ನೋಡಿ, ಎಂಟನೇ ದಿನ ಹಿಟ್ಟಿನ ಅಳತೆ ಕಡಿಮೆ ಮಾಡಿದಳು.

ಸ್ವರೂಪ್ ಕೂಗಾಡಿದ. "ಪೆಟ್ಟಿಗೆ ತಂದಿದ್ರೆ ಮುಗೀತಿತ್ತು ಅಮ್ಮ. ಮನೆ ಮರ್ಯಾದೆ ತೆಗೆದು ಪೊಲೀಸ್ನೋರ ಮುಂದಿಟ್ಟೆ."

"ಪೆಟ್ಟಿಗೆ ತರ್ತೀನಿ ಅಂತ ನೀನು ಯಾವತ್ತು ಹೊರಟೆ? ಮರದ ಪುಟ್ಟಿ ತರೋಕೆ ಮಾತ್ರ ಓಡಿದೆ. ತೂತು ಮುಚ್ಚೋಕೆ."

ಆಯುಧ ಮನೆಯಲ್ಲಿಲ್ಲವೆಂದು ತಿಳಿದು ಪ್ರತಿಭಾ ಮುಂದಿನ ಭಾನುವಾರ ಮಗಳೊಂದಿಗೆ ವಾಪಸು ಬಂದಳು. ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತ ಹೇಳಿದಳು: "ನಾನು ಬೀಗ ಹಾಕಿ ಅಂತಷ್ಟೇ ಕೇಳಿದ್ದೆ ಅತ್ತೆ."

"ನೀನು ಕೇಳಿದ ದಿನ ನಾನು ನಿನ್ ಜೊತೆ ಕೇಳಿದ್ರೆ ಅಷ್ಟಕ್ಕೇ ಮುಗೀತಿತ್ತೇನೋ," ಎಂದಳು ಮುನಿಯಮ್ಮ. "ಕೇಳ್ಲಿಲ್ಲ. ನಿನ್ನನ್ನೇ ಬೈಕೊಂಡೆ."

ಏಪ್ರಿಲಿನಲ್ಲಿ ಕಮಿಷನರ್ ಕಚೇರಿಯಿಂದ ನೋಟಿಸು ಬಂತು. ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದೆಂದು ಹದಿನೈದು ದಿನದಲ್ಲಿ ಉತ್ತರ ಕೊಡಬೇಕಿತ್ತು. ಮರಿಯಣ್ಣನ ಲಾಯರು ಉತ್ತರ ಟೈಪು ಮಾಡಿಸಿದರು. ಸ್ವರೂಪ್ ಅದನ್ನು ತಂದು ಅಮ್ಮನ ಮುಂದೆ ಹರಡಿ ಪೆನ್ನು ಕೊಟ್ಟ. "ಇದೆಲ್ಲ ನಿಜ ಅಂತ ಇಲ್ಲಿ ನಿನ್ನ ಸೈನು, ಅದರ ಕೆಳಗೆ ಸಾಕ್ಷಿ ಅಂತ ನಂದು. ಓದೋದೇನಿಲ್ಲ, ಲಾಯರ್ ಭಾಷೆ."

ಮುನಿಯಮ್ಮ ಏಳನೇ ಕ್ಲಾಸು ಓದಿದವಳು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು. ಬಾಗಿಲಿನ ತೂತು ಬಡಗಿಯ ಕೆಲಸದಿಂದಾದದ್ದು. ಗೋಡೆಯಲ್ಲಿದ್ದದ್ದು ಹಳೆಯ ಮೊಳೆ. ತನ್ನ ಪತ್ನಿಗೆ ಕೆಲವು ಕಾಲದಿಂದ ಮರೆವಿನ ಕಾಯಿಲೆ ಇದ್ದು, ಇಲ್ಲದ್ದನ್ನು ಕಲ್ಪಿಸಿಕೊಂಡು ಹೇಳುವ ಅಭ್ಯಾಸವಿದೆ.

ಆ ಸಾಲನ್ನು ಎರಡು ಸಲ ಓದಿದಳು. ಮರಿಯಣ್ಣ ರೂಮಿನ ಬಾಗಿಲಲ್ಲಿ ನಿಂತಿದ್ದ. ಒಂದು ತಿಂಗಳ ಮೇಲೆ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು.

"ನಂಗೆ ಮರೆವಾ? ನೀವು ನನ್ನ ನೋಡೋಕೆ ಬಂದ ದಿನ ನಿಮ್ಮ ಅಂಗಿಗೆ ಮೂರನೇ ಗುಂಡಿ ಇರ್ಲಿಲ್ಲ. ನಮ್ಮಪ್ಪ ಕೊಟ್ಟ ಎಮ್ಮೆ ಮಾರಿ ಮೊದಲ ಸೈಟಿಗೆ ಅಡ್ವಾನ್ಸ್ ಕೊಟ್ರಿ, ಅದು ದೀಪಾವಳಿ ಮಾರನೇ ದಿನ. ಸ್ವರೂಪ ಹುಟ್ಟಿದಾಗ ನೀವು ಕೋರ್ಟಲ್ಲಿದ್ರಿ, ಮೂರನೇ ದಿನ ಬಂದು ಮಗು ಕಪ್ಪು ಅಂದ್ರಿ. ಆ ಭಾನುವಾರ ಎರಡು ಸಲ ಕುದುರೆ ಎಳೆದ್ರಿ. ಮೊದಲ ಸಲ ಟಿಕ್ ಅಂತು. ಆಗ್ಲೇ ನಿಲ್ಲಿಸ್ಬಹುದಿತ್ತು. ಇನ್ನೂ ಹೇಳ್ಲಾ?"

"ಅಮ್ಮ, ಸುಮ್ನೆ ಸೈನ್ ಹಾಕಮ್ಮ," ಎಂದ ಸ್ವರೂಪ್. ದನಿ ಸೋತಿತ್ತು.

ಅವಳು ಪೆನ್ನು ತೆಗೆದುಕೊಂಡಳು. ಸಹಿ ಹಾಕಬೇಕಾದ ಗೆರೆಯ ಮೇಲೆ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು: 'ಇದರಲ್ಲಿರುವುದು ಸುಳ್ಳು. ನನಗೆ ಮರೆವಿಲ್ಲ. ಗುಂಡು ಹೊಡೆದವರು ನನ್ನ ಯಜಮಾನರು. ಗಾಯವಾದದ್ದು ಅಂಜಮ್ಮನಿಗೆ.' ಅದರ ಕೆಳಗೆ ಮುನಿಯಮ್ಮ ಎಂದು ಬರೆದು ಕಾಗದವನ್ನು ಮಗನ ಕಡೆ ತಳ್ಳಿದಳು.

ಸ್ವರೂಪ್ ಸಾಕ್ಷಿಯ ಗೆರೆಯನ್ನು ನೋಡಿದ. ಅಡುಗೆಮನೆಯಿಂದ ಪ್ರತಿಭಾ ಬಂದು ನಿಂತಿದ್ದಳು.

"ಹೊಸಾದು ಟೈಪ್ ಮಾಡಿಸ್ತೀನಿ ಅಂತಾರೆ ಅಪ್ಪ," ಎಂದ ಸ್ವರೂಪ್, ಯಾರನ್ನೂ ನೋಡದೆ. "ಮಾಡಿಸ್ಲಿ. ಅದಕ್ಕೂ ನಾನು ಸೈನ್ ಹಾಕಲ್ಲ." ಪೆನ್ನಿನ ಕ್ಯಾಪು ಮುಚ್ಚಿ ಜೇಬಿಗೆ ಹಾಕಿಕೊಂಡ.

ಮರಿಯಣ್ಣ ಒಬ್ಬನೇ ಸಹಿ ಹಾಕಿದ ಉತ್ತರ ಹೋಯಿತು. ಮೇ ಕೊನೆಯಲ್ಲಿ ಆದೇಶ ಬಂತು. ಲೈಸೆನ್ಸು ರದ್ದು, ರಿವಾಲ್ವರನ್ನು ಅಧಿಕೃತ ಡೀಲರಿಗೆ ಒಪ್ಪಿಸಬೇಕು. ಶಂಭುಲಿಂಗಪ್ಪನವರ ಎರಡು ಎಕರೆ ಬೇರೆ ಯಾರದೋ ಪಾಲಾಯಿತು. ಅದಕ್ಕೂ ಹೆಂಡತಿಯೇ ಕಾರಣವೆಂದು ಮರಿಯಣ್ಣ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಆದೇಶ ಬಂದ ಮೂರನೇ ದಿನ ಮಧ್ಯಾಹ್ನ ಅವನು ಊಟದ ಮೇಜಿಗೆ ಬಂದು ಕೂತ. ಹೋಟೆಲಿನ ಎಣ್ಣೆಗೆ ಹೊಟ್ಟೆ ಕೆಟ್ಟು ಇಳಿದುಹೋಗಿದ್ದ. ಮುನಿಯಮ್ಮ ಮುದ್ದೆ ಹಾಕಿ ಸಾರು ಬಿಟ್ಟಳು. ಅವನು ಎರಡು ತುತ್ತು ನುಂಗಿ ಹೇಳಿದ:

"ಊರೆಲ್ಲ ನಗ್ತಿದೆ ನನ್ನ ನೋಡಿ. ಹೆಂಡ್ತಿ ಪೊಲೀಸ್ನೋರಿಗೆ ಹಿಡ್ಕೊಟ್ಲು ಅಂತ."

"ನಗ್ಲಿ."

"ನಿಂಗೆ ಸ್ವಲ್ಪನೂ ಬೇಜಾರಿಲ್ಲವಾ?"

"ನಿಮ್ಮ ವಿಷಯಕ್ಕಿಲ್ಲ," ಎಂದಳು. "ಹೋಗಿ ಅಂಜಮ್ಮನ ಹತ್ರ ಒಂದು ಮಾತು ತಪ್ಪಾಯ್ತು ಅನ್ನಿ. ಆಮೇಲೆ ಬೇಜಾರು ಮಾಡ್ಕೋತೀನಿ."

"ಕೆಲಸದವಳ ಹತ್ರ ನಾನಾ?" ಎಂದು ಅವನು ಅನ್ನಕ್ಕೆ ತಟ್ಟೆ ಮುಂದೆ ಸರಿಸಿದ.

ಅವಳು ಅನ್ನ ಬಡಿಸಿ, ಮಜ್ಜಿಗೆ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿಕೊಂಡಳು. ಎಲ್ಲಿಗೆಂದು ಪ್ರತಿಭಾ ಕೇಳಿದಳು. ಬರ್ತೀನಿ ಎಂದಷ್ಟೇ ಹೇಳಿ ಹೊರಟಳು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

ಅಂಜಮ್ಮ ವಠಾರದ ನಲ್ಲಿಯ ಹತ್ತಿರ ಬಲಗೈಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಎಡಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಮುನಿಯಮ್ಮನನ್ನು ನೋಡಿಯೂ ಕೆಲಸ ನಿಲ್ಲಿಸಲಿಲ್ಲ.

"ಲೈಸೆನ್ಸ್ ಹೋಯ್ತಂತೆ. ಪೊಲೀಸ್ನೋರು ಹೇಳಿದ್ರು."

"ಹೋಯ್ತು."

"ಕೆಲಸಕ್ಕೆ ಕರೆಯೋಕೆ ಬಂದ್ರಾ?"

"ಇಲ್ಲ. ಅವರು ಬರಲ್ಲ ಅಂಜಮ್ಮ. ಬರ್ತಾರೆ ಅಂತ ನಾನು ಸುಳ್ಳು ಹೇಳಲ್ಲ. ನಾನು ನನ್ನದಕ್ಕೆ ಬಂದಿದೀನಿ. ಅಡ್ಡ ಬಂದ್ಲು ಅಂದೆನಲ್ಲ, ಅದಕ್ಕೆ. ತಪ್ಪು ಮಾಡ್ದೆ."

ಅಂಜಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಅವಳ ಮುಖ ಕೆಂಪಾಯಿತು. ಅಳುತ್ತಾಳೇನೋ ಎಂದುಕೊಂಡಳು ಮುನಿಯಮ್ಮ. ಆದರೆ ಅದು ಅಳುವಲ್ಲ.

"ಅದೊಂದೇ ಅಲ್ಲ," ಎಂದಳು ಅಂಜಮ್ಮ. "ನನ್ ಕಾಫಿ ಲೋಟ ಹಿತ್ತಲ ಕಿಟಕೀಲಿ ಬೇರೆ ಇಟ್ಟಿದ್ರಿ, ಅದಿದೆ. ನನ್ ಮಗಳ ಮದುವೆಗೆ ಬರ್ತೀನಿ ಅಂದು ಬರ್ಲಿಲ್ಲ, ಅದಿದೆ. ಚಿನ್ನದ ಓಲೆ ಕಾಣೆಯಾದಾಗ ನನ್ ಚೀಲ ನೋಡಿದ್ರಿ. ಓಲೆ ನಿಮ್ ದಿಂಬಲ್ಲಿ ಸಿಕ್ತು. ಒಂದು ಮಾತು ಆಡ್ಲಿಲ್ಲ ನೀವು."

"ಹೇಳು," ಎಂದಳು ಮುನಿಯಮ್ಮ.

ಅಂಜಮ್ಮ ಹೊಸ್ತಿಲ ಪಕ್ಕದ ಕಲ್ಲನ್ನು ಒದ್ದೆ ಕೈಯಲ್ಲೇ ಒರೆಸಿದಳು.

"ಕೂತ್ಕೊಳ್ಳಿ. ಹನ್ನೊಂದು ವರ್ಷದ್ದಿದೆ."

ಮುನಿಯಮ್ಮ ಕೂತಳು.